ಹದಿನೈದು ಸಾವಿರದ ಬಣ್ಣಕ್ಕೆ ಮೂವತ್ತೈದು ಸಾವಿರದ ತೆರಿಗೆ

ಹೊಸ ಕಾರು ತಗೊಳ್ಳೋಣ ಅಂತ ಮನೆಯಲ್ಲಿ ಮಾತು ಬಂದದ್ದು ಬೆಳಿಗ್ಗೆ. ಮಧ್ಯಾಹ್ನದೊಳಗೆ ಮಹಾರಾಷ್ಟ್ರದ ಉದಗೀರದಿಂದ ಭಾವನ ಫೋನ್. "ಎಂಎಚ್ ಪಾಸಿಂಗ್ ಮಾಡಸಪಾ. ನಮ್ಮ ಮನಿ ಅಡ್ರೆಸ್ ಹಾಕು. ಕಣ್ಣ ಮುಚ್ಚಿ ನಲವತ್ತು ಸಾವಿರ ಉಳಿತಾವ." ಸಂಜೆಗೆ ತೆಲಂಗಾಣದ ಜಹೀರಾಬಾದಿನ ಸೋದರಮಾವ. "ಅವನ ಮಾತೇನು ಕೇಳ್ತಿ? ನನ್ನ ಹೆಸರಿಲೆ ಟಿಜಿ ನಂಬರ್ ತಗೋ. ನಮ್ಮಲ್ಲಿ ಸೆಸ್ಸು ಗಿಸ್ಸು ಏನೂ ಇಲ್ಲ."

ಬೀದರಿನವರಿಗೆ ಇದು ಹೊಸದಲ್ಲ. 1956ರ ನವೆಂಬರ್ 1ರ ತನಕ ಉದಗೀರ, ನಿಲಂಗಾ, ಅಹಮದಪುರ, ಜಹೀರಾಬಾದ್ ಎಲ್ಲವೂ ನಮ್ಮ ಬೀದರ ಜಿಲ್ಲೆಯೊಳಗೇ ಇದ್ದವು. ರಾಜ್ಯಗಳ ಗೆರೆ ಎಳೆದಾಗ ಇವು ಆಚೆ ಹೋದವು, ಬೀಗತನ ಮಾತ್ರ ಹಾಗೇ ಉಳಿಯಿತು. ಹಾಗಾಗಿ ನಮ್ಮಲ್ಲಿ ಒಂದು ಮದುವೆಯ ಪೆಂಡಾಲಿನ ಮುಂದೆ ನಿಂತರೆ ಕೆಎ 38, ಎಂಎಚ್ 24, ಟಿಜಿ 15 ಎಲ್ಲಾ ಒಂದೇ ಸಾಲಿನಲ್ಲಿ ಕಾಣುತ್ತವೆ. ಊಟ ಮುಗಿದ ಮೇಲೆ ಯಾರ ಗಾಡಿಗೆ ಎಷ್ಟು ಟ್ಯಾಕ್ಸ್ ಬಿತ್ತು ಅನ್ನುವುದೇ ಗಂಡಸರ ಮಾತು.

ಈ ಸಲ ನಾನೂ ಪೆನ್ನು ಹಿಡಿದು ಕೂತೆ. ನೋಡಿದ ಕಾರಿನ ಎಕ್ಸ್ ಶೋರೂಂ ಬೆಲೆ 9,92,000 ರೂಪಾಯಿ, ಪೆಟ್ರೋಲ್. ರಿಜಿಸ್ಟ್ರೇಶನ್ ಫೀಸು ಅಂತ ನಾವು ಬಯ್ಯುತ್ತೇವಲ್ಲ, ಅದು ಕೇಂದ್ರದ ನಿಯಮದಂತೆ ದೇಶಕ್ಕೆಲ್ಲ ಒಂದೇ: ಸ್ವಂತ ಕಾರಿಗೆ 600 ರೂಪಾಯಿ, ಸಾಲ ಇದ್ದರೆ ಅದನ್ನು ಆರ್‌ಸಿಯಲ್ಲಿ ಬರೆಸುವ ಹೈಪಾಥಿಕೇಶನ್ನಿಗೆ ಇನ್ನೊಂದು 1,500. ಅದರಲ್ಲಿ ಬಡಿದಾಡುವಂಥದ್ದು ಏನೂ ಇಲ್ಲ. ಏಟು ಬೀಳುವುದು ಕಾರು ಕೊಳ್ಳುವಾಗ ಒಮ್ಮೆಲೇ ಕಟ್ಟುವ ಆಜೀವ ತೆರಿಗೆಯಲ್ಲಿ. ವಾಹನ ತೆರಿಗೆ ರಾಜ್ಯಗಳ ಕೈಯಲ್ಲಿದೆ, ಅವರವರ ಮರ್ಜಿ.

ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಶೇ 14. ಅಂದರೆ 1,38,880. ಈ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಒಟ್ಟು 1,54,157. ಈಚೆಗೆ ಸಾರಿಗೆ ಕಾರ್ಮಿಕರ ಕಲ್ಯಾಣಕ್ಕೆಂದು ಇನ್ನೊಂದು ಸಾವಿರ ಸೇರಿಸಿದ್ದಾರೆ, ಅದಕ್ಕೆ ನನ್ನ ತಕರಾರಿಲ್ಲ. ಮಹಾರಾಷ್ಟ್ರದಲ್ಲಿ ಇದೇ ಪೆಟ್ರೋಲ್ ಕಾರಿಗೆ ಶೇ 11, ಅಂದರೆ 1,09,120. ಡೀಸೆಲ್ ಆದರೆ ಅಲ್ಲಿ ಶೇ 13. ಭಾವ ಹೇಳಿದ್ದು ಸುಳ್ಳಲ್ಲ, ಬರೋಬ್ಬರಿ ನಲವತ್ತೈದು ಸಾವಿರದ ಫರಕು.

ಮಾವನ ಲೆಕ್ಕ ಮಾತ್ರ ಕೈಕೊಟ್ಟಿತು. ತೆಲಂಗಾಣದಲ್ಲೂ ಶೇ 14 ಇದೆ, ತೆರಿಗೆಯ ಮೇಲೆ ನಮ್ಮಂತೆ ಶೇಕಡಾ ಲೆಕ್ಕದ ಸೆಸ್ ಇಲ್ಲ, ನಿಜ. ಆದರೆ ಅಲ್ಲಿ ಒಬ್ಬರ ಹೆಸರಿನಲ್ಲಿ ಆಗಲೇ ಒಂದು ಸ್ವಂತ ಗಾಡಿ ಇದ್ದರೆ ಎರಡನೆಯದಕ್ಕೆ ಶೇ 2 ಹೆಚ್ಚು. ಮಾವನ ಅಂಗಳದಲ್ಲಿ ಒಂದು ನಿಂತಿದೆಯಲ್ಲ! ಆಗ ತೆರಿಗೆ 1,58,720. ನಮ್ಮ ಬೀದರಕ್ಕಿಂತ ತುಟ್ಟಿ. ಹೇಳಿದರೆ ಮಾವ, "ಹಂಗೇನ್? ಯಾವಾಗಿಂದ?" ಅಂದ. ಟ್ಯಾಂಕ್ ತುಂಬಿಸಲು ಮಾತ್ರ ಗಡಿ ದಾಟಿ ನಮ್ಮ ಬಂಕಿಗೇ ಬರುತ್ತಾನೆ, ಪೆಟ್ರೋಲ್ ಇಲ್ಲಿ ಅಗ್ಗ ಅಂತ.

ಹಾಗಾದರೆ ಉದಗೀರದ ನಂಬರ್ ಯಾಕೆ ಬೇಡ? ಈ ತಪ್ಪು ನಾನು ಒಮ್ಮೆ ಅರ್ಧ ಮಾಡಿದವನು. ಆರು ವರ್ಷದ ಹಿಂದೆ ಗಡಿಯಾಚೆಯ ಒಂದು ಊರಿನಿಂದ ಸೆಕೆಂಡ್ ಹ್ಯಾಂಡ್ ಎಂಎಚ್ ಪಾಸಿಂಗ್ ಕಾರು ತಂದೆ, ಅಗ್ಗ ಸಿಕ್ಕಿತು ಅಂತ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳು ಮೀರಿ ಇದ್ದರೆ ಇಲ್ಲಿನ ನಂಬರ್ ತೆಗೆದುಕೊಳ್ಳಬೇಕು. 30 ದಿನ ಮೀರಿದರೇ ತೆರಿಗೆ ಕಟ್ಟಿ ಅಂತ ನಮ್ಮ ಸರ್ಕಾರ 2014ರಲ್ಲಿ ತಂದ ತಿದ್ದುಪಡಿಯನ್ನು 2016ರಲ್ಲಿ ಹೈಕೋರ್ಟ್ ಹೊಡೆದುಹಾಕಿತ್ತು. ಆ ಧೈರ್ಯದ ಮೇಲೆ ಹನ್ನೊಂದು ತಿಂಗಳು ತಣ್ಣಗೆ ಓಡಾಡಿದೆ. ಆಮೇಲೆ ಶುರುವಾಯಿತು ನೋಡಿ: ಅಲ್ಲಿಂದ ಆಕ್ಷೇಪಣೆ ಇಲ್ಲ ಅನ್ನುವ ಎನ್‌ಒಸಿಗೆ ಫಾರ್ಮ್ 28, ಇಲ್ಲಿ ಹೊಸ ನಂಬರಿಗೆ ಫಾರ್ಮ್ 27. ಇಲ್ಲಿನ ತೆರಿಗೆ, ಗಾಡಿಯ ವಯಸ್ಸು ಕಳೆದು ಎಷ್ಟು ಬರುತ್ತದೋ ಅಷ್ಟು, ಒಂದೇ ಗಂಟಿನಲ್ಲಿ. ಅಲ್ಲಿ ಕಟ್ಟಿದ ತೆರಿಗೆಯ ಉಳಿದ ಪಾಲು ವಾಪಸ್ ಕೇಳಬಹುದಿತ್ತು. ಕೇಳಲಿಲ್ಲ. ಅಂಗಡಿ ಬಾಗಿಲು ಹಾಕಿ ಮತ್ತೆ ಎರಡು ದಿನ ಅಲ್ಲಿಗೆ ಅಲೆಯುವ ಹುಮ್ಮಸ್ಸು ಉಳಿದಿರಲಿಲ್ಲ. ನನ್ನದೇ ಸೋಮಾರಿತನ, ಯಾರನ್ನೂ ಬಯ್ಯುವಂತಿಲ್ಲ. ಉಳಿಸಿದೆ ಅಂದುಕೊಂಡ ದುಡ್ಡು ಅಲ್ಲಿಗೆ ನೀರಲ್ಲಿ ಹೋಮ.

ಈಗ ಭಾವ ಹೇಳುವುದಂತೂ ಇನ್ನೂ ಕೆಟ್ಟದ್ದು. ನೀವು ವಾಸಿಸುವ ಇಲ್ಲವೇ ವ್ಯಾಪಾರ ಮಾಡುವ, ಗಾಡಿ ನಿಲ್ಲಿಸುವ ರಾಜ್ಯದಲ್ಲೇ ನೋಂದಣಿ ಮಾಡಿಸಬೇಕು ಅನ್ನುತ್ತದೆ ಅದೇ ಕಾಯ್ದೆಯ 40ನೇ ಸೆಕ್ಷನ್. ಮನೆ ಮೈಲೂರಲ್ಲಿ, ಅಂಗಡಿ ಬೀದರಲ್ಲಿ, ಕಾಗದದಲ್ಲಿ ಮಾತ್ರ ಉದಗೀರದವನು. ನಾಳೆ ಅಪಘಾತ ಗಿಪಘಾತ ಆದರೆ ವಿಳಾಸದ ಸುಳ್ಳು ಹೊತ್ತುಕೊಂಡು ಎಲ್ಲಿ ಹೋಗಲಿ? ರಾಜ್ಯ ಬದಲಾದರೂ ನಂಬರ್ ಬದಲಿಸಬೇಕಿಲ್ಲದ ಬಿಎಚ್ ಸಿರೀಸ್ ಇದೆಯಲ್ಲ ಅಂತ ಪಕ್ಕದ ಮನೆಯವರು ಕೇಳಿದರು. ಅವರು ಸರ್ಕಾರಿ ಬ್ಯಾಂಕಿನವರು, ಅವರಿಗೆ ಸಿಗುತ್ತದೆ, ಎರಡೆರಡು ವರ್ಷಕ್ಕೆ ಕಂತಿನಂತೆ ಕಟ್ಟುತ್ತಾರೆ. ಬಟ್ಟೆ ಅಂಗಡಿಯವನಿಗೆ ಯಾರು ಕೊಡ್ತಾರೆ.

ನನ್ನ ಸಿಟ್ಟು ಬೇರೆ ಕಡೆ ಇದೆ. ಮಗಳಿಗೆ ಕರಿ ಛಾವಣಿಯ ಎರಡು ಬಣ್ಣದ ಕಾರು ಬೇಕಂತೆ. ಅದಕ್ಕೆ ಕಂಪನಿ ಹದಿನೈದು ಸಾವಿರ ಹೆಚ್ಚು ತಗೊಳ್ಳುತ್ತದೆ. ಆಗಲಿ ಅಂದೆ. ಶೋರೂಂ ಹುಡುಗ ಹೊಸ ಕೊಟೇಶನ್ ತಂದಿಟ್ಟ. ಬೆಲೆ 10,07,000. ತೆರಿಗೆ ಸಾಲಿನಲ್ಲಿ 1,90,021! ಟೈಪಿಂಗ್ ತಪ್ಪು ಅಂದುಕೊಂಡೆ. "ಇಲ್ರೀ ಸರ್, ಹತ್ತು ಲಕ್ಷ ದಾಟ್ತಲ್ರಿ, ಸ್ಲ್ಯಾಬ್ ಹದಿನೇಳಕ್ಕ ಹೋಯ್ತು" ಅಂದ. ಹೌದು, 10 ಲಕ್ಷ ದಾಟಿದ್ದು ಏಳು ಸಾವಿರ, ಶೇ 17 ಬಿದ್ದದ್ದು ಇಡೀ ಬೆಲೆಯ ಮೇಲೆ. ಮೇಲೆ ಸೆಸ್. ಹದಿನೈದು ಸಾವಿರದ ಬಣ್ಣಕ್ಕೆ 35,864 ರೂಪಾಯಿ ತೆರಿಗೆ. ಮಹಾರಾಷ್ಟ್ರದಲ್ಲೂ ಹತ್ತು ಲಕ್ಷಕ್ಕೆ ಈ ಮೆಟ್ಟಿಲು ಇದೆ, ಆದರೆ ಅಲ್ಲಿ 11ರಿಂದ 12. ಇದೇ ಬಣ್ಣಕ್ಕೆ ಅಲ್ಲಿ ಹೆಚ್ಚಾಗುವುದು 11,720. ಅದು ಮೆಟ್ಟಿಲು ಅನ್ನಬಹುದು. ನಮ್ಮದು ಬಾವಿ.

ಇನ್‌ಕಮ್ ಟ್ಯಾಕ್ಸಿನಲ್ಲಿ ಮಿತಿ ದಾಟಿದ ಹಣಕ್ಕೆ ಮಾತ್ರ ಮೇಲಿನ ದರ. ವಾಹನಕ್ಕೆ ಅದೇ ಪದ್ಧತಿ ತರಲು ಏನು ಅಡ್ಡಿ? ಮಹಾರಾಷ್ಟ್ರದಷ್ಟು ಇಳಿಸಿ ಅಂತ ನಾನು ಕೇಳುತ್ತಿಲ್ಲ, ರಸ್ತೆಗೆ ದುಡ್ಡು ಬೇಕು ಅಂತ ಗೊತ್ತು. ಏಳು ಸಾವಿರಕ್ಕೆ ಶೇ 17 ಹಾಕಿರಿ, ಕಟ್ಟುತ್ತೇನೆ.

ಆ ಸೆಸ್ಸಿನ ವಿಷಯವೂ ಹೇಳಿಬಿಡುತ್ತೇನೆ. ಶೇ 11ರಲ್ಲಿ ಹತ್ತು ಭಾಗ ಮೂಲಸೌಕರ್ಯ ಸೆಸ್. ರಾಜ್ಯದ ಮೂಲಸೌಕರ್ಯ ಯೋಜನೆ, ಗ್ರಾಮೀಣ ರಸ್ತೆ ನಿಧಿಗಳ ಜೊತೆಗೆ ಬೆಂಗಳೂರು ಮೆಟ್ರೊದ ಬಂಡವಾಳವೂ ಅದರ ಉದ್ದೇಶದಲ್ಲಿದೆ. ಬೀದರಿನಲ್ಲಿ ಕಾರು ಕೊಂಡವನು ಏಳುನೂರು ಕಿಲೋಮೀಟರ್ ಆಚೆಯ ಮೆಟ್ರೊಗೂ ಒಂದು ಪಾಲು ಹಾಕುತ್ತಾನೆ. ಅಲ್ಲಿ ಓದುವ ನಮ್ಮ ಮಕ್ಕಳು ಅದರಲ್ಲಿ ಓಡಾಡುತ್ತಾರೆ, ಸರಿ. ಆದರೂ ಮನ್ನಾಎಖೇಳಿ ಕಡೆ ಗುಂಡಿ ತಪ್ಪಿಸುತ್ತಾ ಹೋಗುವಾಗ ನೆನಪಾಗದೇ ಇರುವುದಿಲ್ಲ.

ಕೊನೆಗೆ ಒಂದೇ ಬಣ್ಣದ ಬಿಳೀದನ್ನು ಬುಕ್ ಮಾಡಿ ಬಂದೆ. ಕೆಎ 38. ಮಗಳು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಭಾವನಿಗೆ ಫೋನ್ ಮಾಡಿ ಎಲ್ಲಾ ಲೆಕ್ಕ ಒಪ್ಪಿಸಿದೆ. ಸುಮ್ಮನೆ ಕೇಳಿ, "ಇರಲಿ ಬಿಡು, ನಮ್ಮ ಕಡಿ ಬಿಸಿಲಿಗೆ ಬಿಳಿ ಛತ್ತೇ ಛಲೋ" ಅಂದ.