ಸಂಜೆ ಹೇಳಿಟ್ಟ ಪುಸ್ತಕ, ಬೆಳಗ್ಗೆ ಕೈಯಲ್ಲಿ

ನಾನೀಗ ಇರುವ ಜರ್ಮನಿಯ ಬಡಾವಣೆಗಳಲ್ಲಿ ಬೇಕರಿಗೂ ಔಷಧಿ ಅಂಗಡಿಗೂ ನಡುವೆ ಸಣ್ಣದೊಂದು ಪುಸ್ತಕದಂಗಡಿ ಕಂಡರೆ ಅದು ಅಪರೂಪವೇನಲ್ಲ. ಎರಡು ಕೋಣೆಯಷ್ಟು ಜಾಗ, ಕೆಲಸಕ್ಕೆ ಇಬ್ಬರೋ ಮೂವರೋ. ಬೇಕಾದ ಪುಸ್ತಕ ಕಪಾಟಿನಲ್ಲಿ ಇಲ್ಲದಿದ್ದರೆ ಸಂಜೆ ಐದಾರು ಗಂಟೆಯೊಳಗೆ ಹೇಳಿಟ್ಟರೆ ಸಾಕು, ಸಾಮಾನ್ಯವಾಗಿ ಮರುದಿನ ಬಾಗಿಲು ತೆರೆಯುವ ಹೊತ್ತಿಗೆ ಬಂದಿರುತ್ತದೆ. ಮನೆಗೆ ಪಾರ್ಸೆಲ್ ಬರುವುದನ್ನು ಕಾಯಬೇಕಿಲ್ಲ. ಬೆಲೆಯೂ ಅಷ್ಟೇ: ಅಮೆಜಾನಿನಲ್ಲಿ ಎಷ್ಟೋ ಇಲ್ಲಿಯೂ ಅಷ್ಟೇ, ಒಂದು ಸೆಂಟೂ ಹೆಚ್ಚಿಲ್ಲ.

ಬೀದಿ ಕೊನೆಯ ಪುಸ್ತಕದಂಗಡಿಯ ಸೊಗಸಿನ ಬಗ್ಗೆ ಬರೆಯುವವರು ಹೊಸ ಕಾಗದದ ವಾಸನೆ, ಕಿಟಕಿ ಪಕ್ಕದ ಕುರ್ಚಿ, ಮಾತಿಗೆ ಸಿಗುವ ಮಾಲೀಕರು ಎನ್ನುತ್ತಾರೆ. ಅವೆಲ್ಲ ನಿಜವೇ. ಆದರೆ ಆ ಕುರ್ಚಿ ಅಲ್ಲಿ ಉಳಿಯಬೇಕಾದರೆ ತಿಂಗಳ ಬಾಡಿಗೆ ಹುಟ್ಟಬೇಕು. ಬಾಡಿಗೆ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಿದರೆ ನಮ್ಮೂರಿನ ಅಂಗಡಿಗಳಿಗೆ ಏನು ಬೇಕಾಗಿದೆ ಎನ್ನುವುದೂ ತಿಳಿಯುತ್ತದೆ.

ಮೊದಲು ಆ ಮರುದಿನದ ಪುಸ್ತಕದ ಹಿಂದಿರುವ ವ್ಯವಸ್ಥೆ. ಪ್ರಕಾಶಕರಿಗೂ ಅಂಗಡಿಗೂ ನಡುವೆ ಇಲ್ಲಿ ಬೃಹತ್ ಸಗಟು ಉಗ್ರಾಣಗಳಿವೆ. ಲಿಬ್ರಿ, ಉಂಬ್ರೈಟ್ ಅಂಥ ಹೆಸರುಗಳು. ಲಕ್ಷಗಟ್ಟಲೆ ಶೀರ್ಷಿಕೆಗಳು ಅಲ್ಲಿ ಸದಾ ದಾಸ್ತಾನಿರುತ್ತವೆ. ಅಂಗಡಿಯವರು ಸಂಜೆ ಕಂಪ್ಯೂಟರಿನಲ್ಲಿ ಆರ್ಡರ್ ಒತ್ತುತ್ತಾರೆ, ಒಂದೇ ಪ್ರತಿಯಾದರೂ ಸರಿ. ರಾತ್ರಿ ಲಾರಿ ಹೊರಡುತ್ತದೆ. ಎಷ್ಟೋ ಕಡೆ ಅಂಗಡಿಯ ಬೀಗದ ಕೈ ಚಾಲಕನ ಬಳಿಯೇ ಇರುತ್ತದೆ. ಬೆಳಗಾಗುವ ಮೊದಲೇ ಪ್ಲಾಸ್ಟಿಕ್ ಕ್ರೇಟುಗಳನ್ನು ಒಳಗಿಟ್ಟು, ಹಿಂದಿನ ದಿನದ ಖಾಲಿ ಕ್ರೇಟುಗಳನ್ನು ಎತ್ತಿಕೊಂಡು ಹೋಗಿರುತ್ತಾನೆ. ಬೆಳಗ್ಗೆ ಬಂದವರು ರವಾನೆ ಚೀಟಿಗೆ ಹೋಲಿಸಿ ಒಂದೊಂದೇ ಪ್ರತಿಯನ್ನು ತೆಗೆದು, ಗಿರಾಕಿಯ ಹೆಸರಿನ ಚೀಟಿ ಸಿಕ್ಕಿಸಿ, ಗಲ್ಲಾಪೆಟ್ಟಿಗೆಯ ಹಿಂದಿನ ಕಪಾಟಿನಲ್ಲಿ ಅಡ್ಡಹೆಸರಿನ ಅಕಾರಾದಿಯಾಗಿ ಜೋಡಿಸುತ್ತಾರೆ. ಅಂಗಡಿಗೆ ಜೀವ ಬರುವುದು ಆ ಕಪಾಟಿನಿಂದ. ಪುಸ್ತಕ ಹೇಳಿಡಲು ಒಮ್ಮೆ, ಒಯ್ಯಲು ಒಮ್ಮೆ ಎಂದು ಗಿರಾಕಿ ಎರಡು ಸಲ ಒಳಗೆ ಬರುತ್ತಾನೆ. ಆ ಎರಡನೆಯ ಸಲ ಮೇಜಿನ ಮೇಲಿನ ಇನ್ನೊಂದು ಪುಸ್ತಕ ಕಣ್ಣಿಗೆ ಬೀಳುತ್ತದೆ.

ಎರಡನೆಯದು ಬೆಲೆ. ಜರ್ಮನಿಯಲ್ಲಿ ಹೊಸ ಪುಸ್ತಕದ ಬೆಲೆಯನ್ನು ಪ್ರಕಾಶಕರು ನಿಗದಿ ಮಾಡುತ್ತಾರೆ, ಮಾರುವವರೆಲ್ಲ ಅದೇ ಬೆಲೆಗೆ ಮಾರಬೇಕು. 2002ರ ಕಾಯ್ದೆ ಇದನ್ನು ಕಡ್ಡಾಯ ಮಾಡಿತು, 2016ರಲ್ಲಿ ಇ-ಪುಸ್ತಕಗಳೂ ಅದರೊಳಗೆ ಬಂದವು. ಪದ್ಧತಿ ಮಾತ್ರ ಬಹಳ ಹಳೆಯದು. 1870ರ ದಶಕದಲ್ಲಿ ರೈಲು ಹಬ್ಬಿ, ಅಂಚೆ ಪಾರ್ಸೆಲ್ ದರ ಅಗ್ಗವಾದಾಗ ಲೈಪ್ಜಿಗ್, ಬರ್ಲಿನ್‌ಗಳ ದೊಡ್ಡ ವ್ಯಾಪಾರಿಗಳು ಭಾರೀ ರಿಯಾಯಿತಿಯಲ್ಲಿ ಊರೂರಿಗೆ ಪುಸ್ತಕ ಕಳಿಸತೊಡಗಿದರು. ಸಣ್ಣ ಊರಿನ ಅಂಗಡಿಗಳು ಕುಸಿಯತೊಡಗಿದವು. 1825ರಲ್ಲಿ ಲೈಪ್ಜಿಗ್‌ನಲ್ಲಿ ಹುಟ್ಟಿದ ಪುಸ್ತಕೋದ್ಯಮದ ಸಂಘ 1888ರ ಹೊತ್ತಿಗೆ ಏಕಬೆಲೆಯ ನಿಯಮ ತಂದದ್ದು ಇದೇ ಕಾರಣಕ್ಕೆ. ಇಂದು ಆನ್‌ಲೈನ್ ಮಾರಾಟದ ಬಗ್ಗೆ ನಾವು ಆಡುವ ಮಾತೆಲ್ಲ ಅಂದೇ ಅಲ್ಲಿ ಆಡಿ ಮುಗಿದಿತ್ತು.

ಲೆಕ್ಕ ಹೀಗಿದೆ. 24 ಯೂರೋ ಬೆಲೆಯ ಪುಸ್ತಕದಲ್ಲಿ ಶೇ. 7ರ ತೆರಿಗೆ 1.57 ಯೂರೋ. ಉಳಿದ 22.43ರಲ್ಲಿ ಅಂಗಡಿಯ ಪಾಲು ಶೇ. 35 ಎಂದಿಟ್ಟುಕೊಂಡರೆ 7.85 ಯೂರೋ. ಬಾಡಿಗೆ, ಸಂಬಳ, ಚಳಿಗಾಲದ ಹೀಟಿಂಗ್ ಎಲ್ಲವೂ ಇದರಲ್ಲೇ ಆಗಬೇಕು. ಹಣ ದೊಡ್ಡದಲ್ಲ, ಆದರೆ ಖಚಿತ. ಎದುರು ಬೀದಿಯವರು ನಾಳೆ ಶೇ. 20 ಕಡಿತ ಎಂದು ಫಲಕ ಹಾಕುವ ಭಯವಿಲ್ಲದ್ದರಿಂದ, ವರ್ಷಕ್ಕೆ ಎರಡೇ ಪ್ರತಿ ಹೋಗುವ ಕವನ ಸಂಕಲನವನ್ನೂ ಇಟ್ಟುಕೊಳ್ಳುವ ಧೈರ್ಯ ಅಂಗಡಿಗೆ ಬರುತ್ತದೆ.

ಕಾಯ್ದೆಯಲ್ಲಿ ಕಿಂಡಿಗಳೂ ಇವೆ. ಪ್ರಕಟವಾಗಿ 18 ತಿಂಗಳು ಕಳೆದ ಮೇಲೆ ಪ್ರಕಾಶಕರು ಬೆಲೆಯ ಕಟ್ಟು ಬಿಡಿಸಬಹುದು. ಮೂಲೆ ಜಜ್ಜಿದ ಪ್ರತಿಗೆ ಕೆಳ ಅಂಚಿನಲ್ಲಿ ‘ಕುಂದಿನ ಪ್ರತಿ’ ಎಂದು ಮುದ್ರೆಯೊತ್ತಿ ಕಡಿಮೆಗೆ ಮಾರಬಹುದು. ಹಳೆಯ ಪುಸ್ತಕಕ್ಕೆ ಕಟ್ಟುಪಾಡಿಲ್ಲ. ಊರಿನ ಗ್ರಂಥಾಲಯಕ್ಕೆ ಶೇ. 10ರವರೆಗೆ ಬಿಡಬಹುದು.

ಈಗ ನಮ್ಮ ಕಡೆ. ನಮ್ಮಲ್ಲಿ ರಿಯಾಯಿತಿ ಎಂದರೆ ಪ್ರೀತಿ. ಮುಂಬೈಯಲ್ಲಿ ಟಿ.ಎನ್. ಶಾನಭಾಗರು 1948ರಲ್ಲಿ ತೆರೆದ ಸ್ಟ್ರಾಂಡ್ ಶೇ. 20ರ ಕಡಿತಕ್ಕೆ ಹೆಸರಾಗಿತ್ತು, 2018ರಲ್ಲಿ ಮುಚ್ಚಿತು. ಅದೇ ಬಂಧುವರ್ಗದ ಟಿ.ಎಸ್. ಶಾನಭಾಗರು ಬೆಂಗಳೂರಿನ ಪ್ರೀಮಿಯರ್ ಅಂಗಡಿಯಲ್ಲಿ ಗಿರಾಕಿ ಕೇಳದೆಯೇ ಬಿಲ್ಲಿನಲ್ಲಿ ಒಂದಿಷ್ಟು ಕಳೆಯುತ್ತಿದ್ದರು. 2009ರಲ್ಲಿ ಅದೂ ಮುಚ್ಚಿತು. ಆ ಅಂಗಡಿಯಲ್ಲಿ ಪುಸ್ತಕಗಳು ಗೋಪುರದಂತೆ ಏರಿರುತ್ತಿದ್ದವು, ಯಾವ ಗೋಪುರದಲ್ಲಿ ಎಷ್ಟನೆಯದು ಎಂಬುದು ಅವರ ತಲೆಯಲ್ಲಿರುತ್ತಿತ್ತು. ಇಂಥ ನೆನಪಿನ ಶಕ್ತಿಯನ್ನು ಜರ್ಮನಿಯ ಮೂರು ವರ್ಷಗಳ ಪುಸ್ತಕ ವ್ಯಾಪಾರದ ಔಸ್‌ಬಿಲ್ಡುಂಗ್ (ವೃತ್ತಿ ತರಬೇತಿ) ಕಲಿಸಲಾರದು. ಇಲ್ಲಿನವರು ಪರದೆ ನೋಡಿ ಹೇಳುತ್ತಾರೆ, ಶಾನಭಾಗರು ನೇರವಾಗಿ ಕೈ ಹಾಕಿ ತೆಗೆಯುತ್ತಿದ್ದರು.

ಆ ಕಾಲದ ರಿಯಾಯಿತಿ ಅಂಗಡಿಯವರು ತಮ್ಮ ಪಾಲಿನಿಂದ ತಾವೇ ಕೊಟ್ಟದ್ದು. ಇಂದಿನದು ಬೇರೆ. 250 ರೂಪಾಯಿಯ ಕನ್ನಡ ಪುಸ್ತಕದ ಮೇಲೆ ಅಂಗಡಿಗೆ ಶೇ. 35 ಸಿಕ್ಕರೆ 87.50 ರೂಪಾಯಿ. ಆನ್‌ಲೈನಿನಲ್ಲಿ ಶೇ. 20 ಬಿಡುತ್ತಾರೆಂದು ಗಿರಾಕಿ ಮೊಬೈಲು ತೋರಿಸಿದಾಗ ಅಷ್ಟೇ ಬಿಟ್ಟರೆ ಉಳಿಯುವುದು 37.50. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ನಿಜ, ಆದರೆ ಬೆಂಗಳೂರಿನ ಗಾಂಧಿಬಜಾರಿನ ಬಾಡಿಗೆಗೆ ಅಂಥ ವಿನಾಯಿತಿ ಇಲ್ಲ.

ನನಗೆ ಇದಕ್ಕಿಂತ ಹೆಚ್ಚು ನೋವು ಕೊಡುವುದು ಬಿಡುಗಡೆಯ ದಿನದ ರಿಯಾಯಿತಿ. ಪುಸ್ತಕ ಬಿಡುಗಡೆಗೆ ಮೊದಲೇ ಪ್ರಕಾಶಕರೇ ವಾಟ್ಸಾಪಿನಲ್ಲಿ ಮುಂಗಡ ಬುಕಿಂಗ್ ತೆರೆಯುತ್ತಾರೆ. ಕಡಿತ ಉಂಟು, ಲೇಖಕರ ಸಹಿ ಉಂಟು, ಅಂಚೆ ವೆಚ್ಚವೂ ಇಲ್ಲ. ಸಭಾಂಗಣದ ಹೊರಗಿನ ಮೇಜಿನಲ್ಲಿ ಮತ್ತಷ್ಟು ಪ್ರತಿಗಳು ಹೋಗುತ್ತವೆ. ಕನ್ನಡ ಪುಸ್ತಕದ ಹಕ್ಕುಪುಟ ತೆರೆದು ನೋಡಿ: ‘ಪ್ರತಿಗಳು: 1000, ಕಾಗದ: 70 ಜಿಎಸ್ಎಂ ಮ್ಯಾಪ್ಲಿಥೋ, 1/8 ಡೆಮಿ’ ಎಂದಿರುತ್ತದೆ, ಕೆಲವೊಮ್ಮೆ 500. ಆ ಸಾವಿರದಲ್ಲಿ ಆಸೆಪಟ್ಟು ಕೊಳ್ಳುವ ಮೊದಲ ಮುನ್ನೂರು ಓದುಗರು ಅಂಗಡಿಯ ಮೆಟ್ಟಿಲು ಹತ್ತುವುದೇ ಇಲ್ಲ. ಅಂಗಡಿಗೆ ಪುಸ್ತಕ ಬರುವ ಹೊತ್ತಿಗೆ ಉಳಿದಿರುವುದು ಯೋಚಿಸಿ ಕೊಳ್ಳುವವರು ಮಾತ್ರ, ಅವರಿಗೂ ಕಡಿತದ ಬೆಲೆ ಆಗಲೇ ಗೊತ್ತಾಗಿರುತ್ತದೆ. ಹೀಗಿರುವಾಗ ‘ಅಂಗಡಿಯವರು ಹೊಸ ಲೇಖಕರ ಪುಸ್ತಕ ಮುಂದೆ ಇಡುವುದಿಲ್ಲ’ ಎಂದು ದೂರುವುದು ಸರಿಯಲ್ಲ.

ಜರ್ಮನಿಯಂಥ ಕಾಯ್ದೆ ನಮಗೂ ಬೇಕು ಎಂದುಬಿಡುವುದು ಸುಲಭ. 2002ರ ನಮ್ಮ ಸ್ಪರ್ಧಾ ಕಾಯ್ದೆಯ 3ನೇ ಕಲಮು ಮರುಮಾರಾಟದ ಬೆಲೆಯನ್ನು ಹೇರುವ ಒಪ್ಪಂದವನ್ನು ಪ್ರಶ್ನಿಸಲು ಅವಕಾಶ ಕೊಡುತ್ತದೆ. ಪ್ರಕಾಶಕರೆಲ್ಲ ಸೇರಿ ಬೆಲೆ ಕಟ್ಟಿದರಂತೂ ಅದು ವ್ಯಾಪಾರಿ ಕೂಟದ (ಕಾರ್ಟೆಲ್) ಆರೋಪಕ್ಕೆ ಗುರಿಯಾಗುತ್ತದೆ. ಪುಸ್ತಕಕ್ಕೆ ಪ್ರತ್ಯೇಕ ವಿನಾಯಿತಿ ಬೇಕೆಂದರೆ ಅದು ದೆಹಲಿಯಲ್ಲಿ ಆಗಬೇಕಾದ ಕೆಲಸ. ಆದರೆ ಒಂದು ಕೆಲಸಕ್ಕೆ ಯಾರ ಅಪ್ಪಣೆಯೂ ಬೇಡ. ಪ್ರಕಾಶಕರು ತಾವು ನೇರ ಮಾರುವಾಗ ಮೊದಲ ಆರು ತಿಂಗಳು ಮುದ್ರಿತ ಬೆಲೆಗೇ ಮಾರಲಿ. ಸಹಿ ಬೇಕಾದವರು ಇಂಥ ಅಂಗಡಿಗೆ ಹೋಗಿ ಎಂದು ಐವತ್ತು ಸಹಿಯ ಪ್ರತಿಗಳನ್ನು ಅಲ್ಲಿಡಲಿ. ನವೆಂಬರಿನ ಅರ್ಧ ಬೆಲೆಯ ಮಾರಾಟ ಹಳೆಯ ಶೀರ್ಷಿಕೆಗಳಿಗೆ ಇರಲಿ, ಅದರ ವಿಷಯದಲ್ಲಿ ನನಗೆ ತಕರಾರಿಲ್ಲ.

ಇನ್ನೊಂದು ಅಷ್ಟೇ ಸರಳ: ಪಟ್ಟಿ. ಮಾರಾಟಕ್ಕೆ ಸಿಗುವ ಜರ್ಮನ್ ಪುಸ್ತಕಗಳಿಗೆಲ್ಲ ಒಂದೇ ಸಾಮಾನ್ಯ ಸೂಚಿಯಿದೆ, ಯಾವ ಅಂಗಡಿಯಲ್ಲಿ ಕೇಳಿದರೂ ಅದನ್ನೇ ತೆರೆದು ನೋಡುತ್ತಾರೆ. ಕನ್ನಡದಲ್ಲಿ ಪುಸ್ತಕ ಮುಗಿದಿದೆಯೋ ಇಲ್ಲವೋ ತಿಳಿಯಲು ಪ್ರಕಾಶಕರಿಗೆ ಫೋನು ಮಾಡಬೇಕು. ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆ ನಮ್ಮಲ್ಲಿ ಉಚಿತ, ದೆಹಲಿಯ ರಾಜಾ ರಾಮಮೋಹನ ರಾಯ್ ಸಂಸ್ಥೆ ಕೊಡುತ್ತದೆ. ಆದರೂ ಸಂಖ್ಯೆ ಇಲ್ಲದ ಪುಸ್ತಕಗಳು ಬರುತ್ತಲೇ ಇವೆ. ಮರುಮುದ್ರಣದಲ್ಲಿ ಬೆಲೆ ಬದಲಾಗಿ ಹಳೆಯ ಬೆಲೆಯ ಮೇಲೆ ಚೀಟಿ ಅಂಟಿಸಿರುತ್ತಾರೆ. ಬಿಲ್ಲಿಂಗ್ ಯಂತ್ರದಲ್ಲಿ ಒಂದು ಬೆಲೆ, ಪುಸ್ತಕದ ಮೇಲೆ ಇನ್ನೊಂದು.

ನಮ್ಮ ಅಂಗಡಿಗಳಲ್ಲಿ ಇರುವ ಕೆಲವು ಸುಖಗಳು ಜರ್ಮನಿಯಲ್ಲಿ ಇಲ್ಲ ಎಂಬುದನ್ನೂ ಹೇಳಬೇಕು. ಚರ್ಚ್ ಸ್ಟ್ರೀಟಿನಲ್ಲಿ ಹೊಸತೂ ಹಳತೂ ಒಂದೇ ಸೂರಿನಡಿ ಸಿಗುತ್ತವೆ, ಇಲ್ಲಿ ಹಳತಿಗೆ ಬೇರೆಯೇ ಅಂಗಡಿ. ಇಲ್ಲಿ ಎಷ್ಟೋ ಪುಸ್ತಕಗಳು ಪ್ಲಾಸ್ಟಿಕ್ ಹಾಳೆಯೊಳಗಿರುತ್ತವೆ, ಒಂದು ಪ್ರತಿಯನ್ನು ಮಾತ್ರ ನೋಡಲು ಬಿಚ್ಚಿಟ್ಟಿರುತ್ತಾರೆ. ನಮ್ಮಲ್ಲಿ ನಿಂತಲ್ಲೇ ಮೂವತ್ತು ಪುಟ ಓದಬಹುದು. ಅಂಗಡಿಯೇ ಪ್ರಕಾಶನವೂ ಆಗಿರುವುದು ಇನ್ನೊಂದು ಸೊಗಸು, ಗಾಂಧಿಬಜಾರಿನ ಅಂಕಿತ ಪುಸ್ತಕದ ಹಾಗೆ. ಲೇಖಕರು ಕರಡು ತಿದ್ದಲು ಬಂದವರು ಓದುಗರ ಕೈಗೇ ಸಿಗುತ್ತಾರೆ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾದದ್ದು. ಚಂದಾದಾರರಿಂದ ಮೊದಲೇ ಹಣ ಪಡೆದು ವರ್ಷದ ಪುಸ್ತಕಗಳನ್ನು ಕೊಡುವ ಅದರ ಕ್ರಮ ನಾಟಕ, ವಿಮರ್ಶೆಗಳಂಥ ನಿಧಾನ ಮಾರಾಟದ ಪುಸ್ತಕಗಳನ್ನು ಸಾಕಿತು. ರಿಯಾಯಿತಿಗಿಂತ ಮುಂಗಡ ಹಣ ಅಂಗಡಿಗೆ ಹೆಚ್ಚು ಬಲ ಕೊಡುತ್ತದೆ ಎಂಬುದು ನಮ್ಮವರಿಗೆ ಹೊಸ ಪಾಠವಲ್ಲ.

ಹೊರನಾಡಿನಲ್ಲಿ ಇರುವವರು ಮಾಡಬಹುದಾದದ್ದೂ ಇದೆ. ನಾಲ್ಕು ಕಡೆ ಬಿಡಿಬಿಡಿಯಾಗಿ ತರಿಸುವ ಬದಲು ಒಂದು ಅಂಗಡಿ ಹಿಡಿದು, ನಾಲ್ಕೈದು ಮನೆಯವರು ಸೇರಿ ವರ್ಷಕ್ಕೆ ಎರಡು ಪಟ್ಟಿ ಕಳಿಸಿ, ಹಣ ಮೊದಲೇ ಹಾಕಿಬಿಡಿ. ಪಟ್ಟಿಯಲ್ಲಿ ಹೆಸರು, ಲೇಖಕರು, ಪ್ರಕಾಶಕರು, ಯಾವ ಮುದ್ರಣವಾದರೂ ಸರಿಯೇ ಎಂಬುದು ಇರಲಿ. ಡೆಮಿ ಆಕಾರದ 200 ಪುಟದ ಪುಸ್ತಕ ಹೆಚ್ಚುಕಡಿಮೆ 240 ಗ್ರಾಂ ತೂಗುತ್ತದೆ, 5 ಕಿಲೋ ಪೆಟ್ಟಿಗೆಗೆ ಇಪ್ಪತ್ತು ಪುಸ್ತಕ ಹಿಡಿಯುತ್ತವೆ. ಪುಸ್ತಕಗಳನ್ನು ಬೆನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುವಂತೆ ಮಲಗಿಸಿ, ಮೊದಲು ಪ್ಲಾಸ್ಟಿಕ್ ಹಾಳೆ, ಮೇಲೆ ರಟ್ಟು ಸುತ್ತಲು ಹೇಳಿ. ನಿಲ್ಲಿಸಿ ತುಂಬಿದರೆ ಅಂಟಿನ ಬೈಂಡಿಂಗ್ ದಾರಿಯಲ್ಲೇ ಬಿಟ್ಟುಕೊಳ್ಳಬಹುದು. ಜರ್ಮನಿಗೆ ಬಂದಾಗ ಪುಸ್ತಕಕ್ಕೆ ಸುಂಕವಿಲ್ಲ, ಶೇ. 7ರ ಆಮದು ತೆರಿಗೆ ಇದೆ. ಅದನ್ನು ಕಟ್ಟಿಸಿಕೊಡುವ ಸಾಗಣೆಯವರ ಶುಲ್ಕ ಪ್ರತಿ ಪೆಟ್ಟಿಗೆಗೂ ಬೀಳುತ್ತದೆ, ಒಟ್ಟಿಗೆ ತರಿಸಿ ಎನ್ನುವುದು ಅದಕ್ಕೇ. ಪೆಟ್ಟಿಗೆಯೊಳಗೆ ಮುದ್ರಿತ ಬೆಲೆಯಿರುವ ಬಿಲ್ ಇಡಲು ಹೇಳಿ, ಇನ್ನೊಂದನ್ನು ಹೊರಗೆ ಅಂಟಿಸಲು ಹೇಳಿ.

ಭಾರತದೊಳಗೆ ತರಿಸುವವರಿಗೆ ಈ ಲೆಕ್ಕ ಇನ್ನಷ್ಟು ಬಿಗಿಯಾಗಿದೆ. ಪುಸ್ತಕಕ್ಕೆಂದೇ ಇದ್ದ ಅಗ್ಗದ ನೋಂದಾಯಿತ ಬುಕ್ ಪೋಸ್ಟನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿತು. ಪುಣೆಗೋ ಚೆನ್ನೈಗೋ ಒಂದೇ ಪುಸ್ತಕ ಕಳಿಸಿದರೆ ಅಂಗಡಿಗೆ ಉಳಿದಿದ್ದ ಆ 37 ರೂಪಾಯಿಯಲ್ಲಿ ದೊಡ್ಡ ಪಾಲು ಅಂಚೆಗೇ ಹೋಗುತ್ತದೆ. ಅಲ್ಲಿರುವ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಬ್ಯಾನರು ಬರೆಸುವ ವಾರವೇ ಸದಸ್ಯರ ಪುಸ್ತಕದ ಪಟ್ಟಿಯನ್ನೂ ಕೂಡಿಸಿ ಒಂದೇ ಮೂಟೆಯಾಗಿ ತರಿಸಲಿ. ಆ ಬಿಲ್ಲಿನಲ್ಲಿ ಅಂಗಡಿಯವರನ್ನು ರಿಯಾಯಿತಿ ಕೇಳದಿರಲಿ.