ಬರಿಗೈಯಲ್ಲಿ ಚಾಕು ಕಸಿಯುವ ಮಾತು: ಆರ್ನಿಸ್ ಕುರಿತು ಸ್ಪಷ್ಟನೆ

ಫಿಲಿಪೀನ್ಸ್‌ನ ಆರ್ನಿಸ್ ಎಂಬ ಸಮರಕಲೆ ಕಲಿತವರು ಎದುರಾಳಿಯ ಚಾಕುವನ್ನು ಬರಿಗೈಯಲ್ಲೇ ಕಸಿದುಕೊಳ್ಳಬಲ್ಲರು ಎಂಬ ಮಾತು ವಿಡಿಯೊಗಳ ಜೊತೆಗೆ ಹರಿದಾಡುತ್ತಿದೆ. ಇದು ಸರಿಯಲ್ಲ, ನಂಬಿದವರ ಜೀವಕ್ಕೇ ಅಪಾಯ ತರಬಲ್ಲದು. ಅಂಥ ಪ್ರದರ್ಶನಗಳಲ್ಲಿ ಜೊತೆಗಾರ ಒಮ್ಮೆ ಇರಿದು ತೋಳನ್ನು ಚಾಚಿದಂತೆಯೇ ನಿಲ್ಲಿಸುತ್ತಾನೆ. ನಿಜವಾಗಿ ದಾಳಿ ಮಾಡುವವನಾದರೋ ಒಂದು ಕೈಯಲ್ಲಿ ಅಂಗಿ ಹಿಡಿದು, ಇನ್ನೊಂದು ಕೈಯನ್ನು ಹಿಂದಕ್ಕೆಳೆದುಕೊಳ್ಳುತ್ತ ಮತ್ತೆ ಮತ್ತೆ ಇರಿಯಬಹುದು. ಹಾಗೆಂದು, 2009ರ ಕಾನೂನಿನಿಂದ ಆ ದೇಶದ ರಾಷ್ಟ್ರೀಯ ಸಮರಕಲೆಯಾದ ಆರ್ನಿಸ್ ನಿರುಪಯುಕ್ತವೆನ್ನುವುದೂ ತಪ್ಪು. ಬೆತ್ತದ ಕೋಲಿನಿಂದ ಆರಂಭವಾಗುವ ಈ ಅಭ್ಯಾಸವು ಹೊಡೆತ ಯಾವ ಕೋನದಿಂದ ಬರುತ್ತಿದೆ ಎಂಬುದನ್ನು ಗುರುತಿಸಲು, ಓರೆಯಾಗಿ ಹೆಜ್ಜೆ ಸರಿಸಿ ಅಂತರ ಕಾಯ್ದುಕೊಳ್ಳಲು ಕಲಿಸುತ್ತದೆ. ಮುಖಕವಚ ಧರಿಸಿ, ಸುಲಭಕ್ಕೆ ಮಣಿಯದ ಎದುರಾಳಿಯೊಂದಿಗೆ ಸೆಣಸಿದಾಗಲೇ ಅದು ಮೈಗೂಡುವುದು. ಚಾಕು ಕಂಡಾಗ ದಾರಿಯಿದ್ದರೆ ಓಡಬೇಕು. ಇಲ್ಲದಿದ್ದರೆ ಕೈಗೆ ಸಿಕ್ಕ ಕುರ್ಚಿಯನ್ನೋ ಚೀಲವನ್ನೋ ಅಡ್ಡ ಹಿಡಿಯಬೇಕು.