ಹಾಳಾದ ತುಂಡಿಗೂ ಅಂಕ ಬೇಕು

ಹನ್ನೊಂದು, ಹನ್ನೆರಡನೇ ತರಗತಿಯ ವಿನ್ಯಾಸ ಮತ್ತು ತಂತ್ರಜ್ಞಾನ ಕೋರ್ಸುಗಳಲ್ಲಿ ವರ್ಷದ ಕೊನೆಗೆ ಪರೀಕ್ಷಕರ ಮುಂದೆ ಬರುವುದು ಎರಡೇ: ಪಾಲಿಶ್ ಹೊಡೆದ ಒಂದು ವಸ್ತು, ಅದನ್ನು ಹೇಗೆ ಮಾಡಿದೆವು ಅಂತ ಸ್ಕೆಚ್ಚು, ಬರಹದಲ್ಲಿ ತೋರಿಸುವ, ಅಂದವಾಗಿ ಜೋಡಿಸಿದ ಒಂದು ಪೋರ್ಟ್‌ಫೋಲಿಯೊ. ಬಹಳಷ್ಟು ಪೋರ್ಟ್‌ಫೋಲಿಯೊಗಳು ವಸ್ತು ಮುಗಿದ ಮೇಲೆ ಕೂತು ಬರೆದವು. ಪತ್ತೆ ಹಚ್ಚುವುದು ಕಷ್ಟವಲ್ಲ. ಮೊದಲ ಸ್ಕೆಚ್ಚಿನಲ್ಲೇ ಎಲ್ಲ ಅಳತೆಯೂ ಸರಿಯಾಗಿರುತ್ತದೆ, ಎಲ್ಲೂ ಒಂದು ಕಾಟು ಹೊಡೆದಿರುವುದಿಲ್ಲ! ಇದಕ್ಕೆ ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಅಂಕ ಎಲ್ಲಿದೆಯೋ ಅಲ್ಲಿಗೇ ಅವರೂ ಹೋಗುತ್ತಾರೆ. ನಿಜವಾದ ವಸ್ತುವಿಗೆ ಮೊದಲು ಮಾಡಿ ನೋಡುವ ಪ್ರಯೋಗದ ತುಂಡುಗಳಿಗೆ, ಅದರಲ್ಲೂ ಕೆಟ್ಟುಹೋದ ತುಂಡುಗಳಿಗೆ, ಒಟ್ಟು ಅಂಕದ ಮೂರನೇ ಒಂದು ಪಾಲಾದರೂ ಸಿಗಬೇಕು ಅನ್ನುವುದು ನನ್ನ ವಾದ.

ಒಂದು ಸಾದಾ ಮರದ ಸ್ಟೂಲನ್ನೇ ತೆಗೆದುಕೊಳ್ಳಿ. ಕೂರುವ ಎತ್ತರ 450 ಮಿ.ಮೀ. ಅಂದ ಕೂಡಲೇ ಅರ್ಧ ತರಗತಿ ಕಾಲನ್ನೂ 450ಕ್ಕೇ ಕತ್ತರಿಸುತ್ತದೆ. ಮೇಲಿನ ಹಲಗೆ 20 ಮಿ.ಮೀ. ದಪ್ಪವಿದ್ದರೆ ಕಾಲು 430 ಇರಬೇಕು. ಸರಿ, ನಾಲ್ಕು ಕಾಲಿಗೆ 1720 ಅಂತ ಲೆಕ್ಕ ಹಾಕಿ ಅಷ್ಟೇ ಉದ್ದದ ಮರ ತಂದರೆ ಅದೂ ಸಾಲದು. ದುಂಡು ಅಲಗಿನ ಯಂತ್ರದ ಗರಗಸದ ಒಂದೊಂದು ಕೊಯ್ತಕ್ಕೂ ಸುಮಾರು 3 ಮಿ.ಮೀ. ಮರ ಪುಡಿಯಾಗುತ್ತದೆ. ಮೂರು ಕೊಯ್ತಕ್ಕೆ 9 ಹೋಯಿತು, ಕೊನೆಯ ಕಾಲು 421ಕ್ಕೆ ನಿಂತಿತು. ತುದಿಯಲ್ಲಿ ಬಿರುಕಿದ್ದರೆ ಇನ್ನಷ್ಟು ಕಡಿಮೆ. ಅದಕ್ಕೇ ಕಟಿಂಗ್ ಲಿಸ್ಟಿನಲ್ಲಿ ಪ್ರತಿ ಕಾಲಿಗೂ 15 ಮಿ.ಮೀ. ಹೆಚ್ಚು ಬರೆದುಕೊಂಡು, ಆ ಹೆಚ್ಚಿನ ಭಾಗವನ್ನು ಮೇಲ್ತುದಿಗೆ ಉಳಿಸಿಕೊಂಡು, ಕೀಲಿನ ತೂತು ಕೊರೆದಾದ ಮೇಲೆ ಕತ್ತರಿಸಬೇಕು. ಉಳಿಗೆ ಸುತ್ತಿಗೆ ಬೀಳುವಾಗ ತುದಿ ಸೀಳದಂತೆ ತಡೆಯುವುದೂ ಅದೇ ತುಂಡು.

ಇನ್ನು ಕೀಲು, ಅಂದರೆ ಕಾಲುಗಳನ್ನು ಜೋಡಿಸುವ ಅಡ್ಡಪಟ್ಟಿಯ ತೆಳು ಮಾಡಿದ ತುದಿ (ನಾಲಿಗೆ) ಕಾಲಿನ ತೂತಿನೊಳಗೆ ಕೂರುವ ಜಾಗ. ಅಡ್ಡಪಟ್ಟಿ 20 ಮಿ.ಮೀ. ದಪ್ಪವಿದ್ದರೆ ನಾಲಿಗೆಯ ದಪ್ಪ ಅದರ ಮೂರನೇ ಒಂದು ಭಾಗ ಇರಬೇಕು ಅನ್ನುವುದು ಹಳೆಯ ಲೆಕ್ಕ. ಅಂದರೆ ಆರೂವರೆ, ಏಳು. ಕೈಯಲ್ಲಿರುವ ಉಳಿ 6 ಮಿ.ಮೀ. ಆಗಿದ್ದರೆ 6 ಅಂತಲೇ ಇಟ್ಟುಕೊಳ್ಳಿ. ತೂತಿಗೆ ತಕ್ಕಂತೆ ನಾಲಿಗೆಯನ್ನು ಕೀಸಿ ಕೂರಿಸುವುದು ಸುಲಭ, ನಾಲಿಗೆಗೆ ತಕ್ಕಂತೆ ತೂತು ಹಿಗ್ಗಿಸಲು ಹೋದರೆ ಕೆಟ್ಟಿತು. ತೂತು ನಾಲಿಗೆಗಿಂತ ಒಂದೆರಡು ಮಿ.ಮೀ. ಆಳವಿರಲಿ. ಇಲ್ಲದಿದ್ದರೆ ನಾಲಿಗೆ ತಳ ಮುಟ್ಟಿಬಿಡುತ್ತದೆ, ಕ್ಲಾಂಪ್ ಎಷ್ಟು ಬಿಗಿದರೂ ಹೊರಗಿನ ಸಂದು ಮುಚ್ಚುವುದಿಲ್ಲ.

ಇದೆಲ್ಲ ಪುಸ್ತಕದಲ್ಲೂ ಸಿಗುತ್ತದೆ ಅನ್ನಿ. ಸಿಕ್ಕಿಬೀಳುವ ಜಾಗ ಬೇರೆ. 40×40ರ ಕಾಲಿನ ನಟ್ಟನಡುವೆ 6 ಮಿ.ಮೀ. ಅಗಲದ ತೂತು ಕೊರೆದರೆ ಅದು ಅಂಚಿನಿಂದ 17ರಿಂದ 23ರವರೆಗಿನ ಜಾಗ ಹಿಡಿಯುತ್ತದೆ. ಪಕ್ಕದ ಮುಖದಿಂದ ಅದೇ ಎತ್ತರದಲ್ಲಿ 25 ಮಿ.ಮೀ. ಆಳಕ್ಕೆ ಇಳಿಯುವ ಇನ್ನೊಂದು ತೂತು 17ಕ್ಕೇ ಅದನ್ನು ಸೇರಿಬಿಡುತ್ತದೆ. ಒಳಗೆ ಎರಡು ನಾಲಿಗೆಗಳೂ ಡಿಕ್ಕಿ. ಪರಿಹಾರ ಎರಡಿವೆ: ನಾಲಿಗೆಗಳ ತುದಿಯನ್ನು 45 ಡಿಗ್ರಿಗೆ ಓರೆಯಾಗಿ ಕತ್ತರಿಸುವುದು, ಇಲ್ಲವೇ ತೂತುಗಳನ್ನು ಕಾಲಿನ ಹೊರಮುಖದ ಕಡೆಗೆ ಸರಿಸುವುದು. ಕಂಪ್ಯೂಟರ್ ಮಾಡೆಲ್ಲಿನಲ್ಲಿ ಒಂದರೊಳಗೊಂದು ಹೊಕ್ಕ ಎರಡು ಭಾಗಗಳು ಸದ್ದಿಲ್ಲದೆ ಕೂತಿರುತ್ತವೆ. ಅಡ್ಡಕೊಯ್ತದ ಚಿತ್ರ ತೆರೆದು ನೋಡದಿದ್ದರೆ ಗೊತ್ತೇ ಆಗುವುದಿಲ್ಲ. ಅದೇ ಗಾತ್ರದ, 150 ಮಿ.ಮೀ. ಉದ್ದದ ಉಳಿಕೆ ತುಂಡಿನಲ್ಲಿ ಈ ಎರಡೂ ಕೀಲು ಮಾಡಿ ನೋಡಿದ ಹುಡುಗಿಗೆ ಒಂದೇ ತರಗತಿಯಲ್ಲಿ ಗೊತ್ತಾಗುತ್ತದೆ. ಆ ತುಂಡನ್ನು ಉದ್ದಕ್ಕೆ ಸೀಳಿ, ಒಳಗಿನ ಡಿಕ್ಕಿ ತೋರಿಸಿ, ಪಕ್ಕದಲ್ಲಿ ತಿದ್ದಿದ ಅಳತೆ ಬರೆದರೆ ಚಿತ್ರ, ಬಣ್ಣದ ತುಣುಕು ಅಂಟಿಸಿದ ಹತ್ತು ಪುಟದ ಮೂಡ್‌ಬೋರ್ಡಿಗಿಂತ ಅದೇ ಮೇಲು. ಒಂದು ಎಚ್ಚರ: ಪ್ರಯೋಗದ ತುಂಡು ಅದೇ ಜಾತಿಯ ಮರದ್ದಾಗಿರಲಿ. ಮೆದು ಮರದಲ್ಲಿ ಒತ್ತಿದರೆ ಕೂರುವ ನಾಲಿಗೆ ಗಟ್ಟಿ ಮರದಲ್ಲಿ ಕಾಲನ್ನೇ ಸೀಳುತ್ತದೆ.

ಮೇಲಿನ ಹಲಗೆಗೆ ಸುತ್ತಲೂ ಅಂಟು ಹಾಕಿ ಬಿಗಿಯುವುದು ಇನ್ನೊಂದು ಖಾಯಂ ತಪ್ಪು. ಮರ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಅಲುಗುವುದಿಲ್ಲ, ಅಡ್ಡಕ್ಕೆ ಗಾಳಿಯ ತೇವ ನೋಡಿಕೊಂಡು ಹಿಗ್ಗಿ ಕುಗ್ಗುತ್ತದೆ. ಸ್ಕ್ರೂ ತೂತನ್ನು ಎಳೆಗೆ ಅಡ್ಡವಾಗಿ ಉದ್ದನೆಯ ಸೀಳಿನಂತೆ ಮಾಡಿದರೆ ಹಲಗೆಗೆ ಸರಿದಾಡಲು ಜಾಗವಿರುತ್ತದೆ. ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಅದೂ ಅಂಕ ಹಾಕಿ ಮುಗಿದ ಮೇಲೆ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

3ಡಿ ಪ್ರಿಂಟರ್ ಬಂದ ಮೇಲೆ ಪ್ರಯೋಗ ತಾನಾಗಿಯೇ ಹೆಚ್ಚುತ್ತದೆ ಅಂದುಕೊಂಡವರಿದ್ದಾರೆ. ಆಗಿದ್ದು ಉಲ್ಟಾ. ಏಳು ಗಂಟೆ ಪ್ರಿಂಟ್ ಮಾಡಿದ ಮೇಲೆ 8 ಮಿ.ಮೀ. ಕಡ್ಡಿ 8 ಮಿ.ಮೀ. ತೂತಿಗೆ ಹೋಗುತ್ತಿಲ್ಲ ಎಂಬ ದೂರು. ಪ್ರಿಂಟಾದ ತೂತು ಸಾಮಾನ್ಯವಾಗಿ ಬರೆದ ಅಳತೆಗಿಂತ ತುಸು ಕಿರಿದಾಗಿಯೇ ಬರುತ್ತದೆ. 8.1ರಿಂದ 8.5ರವರೆಗೆ ಐದು ತೂತುಗಳಿರುವ ತೆಳು ಪಟ್ಟಿಯೊಂದನ್ನು ಮೊದಲು ಪ್ರಿಂಟ್ ಮಾಡಿದರೆ ಆ ಯಂತ್ರಕ್ಕೆ, ಆ ಪ್ಲಾಸ್ಟಿಕ್ಕಿಗೆ ಯಾವ ಅಳತೆ ಒಗ್ಗುತ್ತದೆ ಅಂತ ತಿಳಿಯುತ್ತದೆ. ಭಾರ ಹೊರುವ ಕೊಕ್ಕೆಯನ್ನು ನಿಲ್ಲಿಸಿ ಪ್ರಿಂಟ್ ಮಾಡಿದರೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ, ಮಲಗಿಸಿ ಮಾಡಬೇಕು. ಈ ಪ್ರಿಂಟರುಗಳಲ್ಲಿ ಹೆಚ್ಚಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಹಾಗಾಗಿ ಬಿಸಿಯಾಗುವ ಬಲ್ಬಿನ ಹತ್ತಿರ ಬೇಡ.

ಸಮಯವೆಲ್ಲಿದೆ ಅನ್ನುವ ಶಿಕ್ಷಕರ ಆಕ್ಷೇಪ ಸುಳ್ಳಲ್ಲ. ಇಪ್ಪತ್ತು ಮಕ್ಕಳಿಗೆ ಒಂದೇ ಬ್ಯಾಂಡ್‌ಸಾ (ಪಟ್ಟಿ ಅಲಗಿನ ಯಂತ್ರ ಗರಗಸ) ಇದ್ದರೆ ಅದರ ಮುಂದೆ ಸಾಲು ನಿಲ್ಲುತ್ತದೆ. ಎಲ್ಲರೂ ಒಂದೇ ವಾರದಲ್ಲಿ ಅಂಟು ಹಾಕಲು ಬಂದರೆ ಸ್ಟೂಲಿಗೆ ನಾಲ್ಕರಂತೆ ಎಂಬತ್ತು ಕ್ಲಾಂಪ್ ಬೇಕು. ಎಲ್ಲಿಂದ ತರುವುದು? ಉತ್ತರ ವಸ್ತುವಿನ ಗಾತ್ರದಲ್ಲಿದೆ. ಡ್ರಾಯರ್ ಇರುವ ಮೇಜು, ಬಾಗಿಲಿರುವ ಕಪಾಟು ಈ ವಯಸ್ಸಿಗೆ ಬೇಕಿಲ್ಲ. ನಾಲ್ಕು ಕಾಲು, ಎಂಟು ಕೀಲಿನ ಸ್ಟೂಲು ಸಾಕು. ಅರ್ಧ ತರಗತಿ ಕೈ ಉಪಕರಣದಲ್ಲಿ ಕೀಲು ಮಾಡುವಾಗ ಇನ್ನರ್ಧ ಯಂತ್ರದ ಹತ್ತಿರ ಇರಲಿ. ಅಂಟಿಲ್ಲದೆ ಜೋಡಿಸಿ ಕರ್ಣ ಎರಡೂ ಸಮ ಇವೆಯೇ ಅಂತ ತೋರಿಸಿದವರಿಗೆ ಮಾತ್ರ ಅಂಟಿನ ಡಬ್ಬಿ. ಹೀಗೆ ಮಾಡಿದರೆ ಕ್ಲಾಂಪಿನ ನೂಕುನುಗ್ಗಲೂ ತಾನಾಗಿ ಹಂಚಿಹೋಗುತ್ತದೆ.

ಪರೀಕ್ಷಕರು ಬೇರೆಲ್ಲೋ ಕೂತು ಫೋಟೋ ಮಾತ್ರ ನೋಡುವ ಕಡೆ ಇದು ಆಗುವುದಿಲ್ಲ ಅನ್ನುವವರೂ ಇದ್ದಾರೆ. ಯಾಕೆ ಆಗಬಾರದು? ತುಂಡಿನ ಮೇಲೆ ಪೆನ್ಸಿಲಿನಲ್ಲಿ ತಾರೀಕು, ಅಳತೆ, ಏನು ಕೆಟ್ಟಿತು ಅನ್ನುವ ಒಂದು ಸಾಲು. ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಟ್ಟು ನೇರ ಮೇಲಿನಿಂದ ಒಂದು ಫೋಟೋ, ಅಂದೇ ತರಗತಿಯ ಕಂಪ್ಯೂಟರಿಗೆ. ಇದಕ್ಕೆ ಬೇಕಾದ ಅಂಕವನ್ನು ಹೊಸದಾಗಿ ಹುಡುಕಬೇಕಿಲ್ಲ, ಪಾಲಿಶ್ ಮತ್ತು ಪುಟವಿನ್ಯಾಸಕ್ಕೆ ಈಗ ಕೊಡುತ್ತಿರುವುದರಲ್ಲೇ ಕಡಿದುಕೊಂಡರಾಯಿತು.